ಮಾಸ್ತರ ಇಲ್ಲೇನ್ರೀ?

ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಕತ್ತರಿ, ಮುಂದೆ ಬಟ್ಟೆ ಹರಡಿದ ಮೇಜು. ಇಷ್ಟೆಲ್ಲ ಇಟ್ಟುಕೊಂಡು ನಿಂತ ನನ್ನನ್ನು ನೋಡಿಯೂ, ನನ್ನ ಹೆಗಲ ಮೇಲಿಂದ ಅಂಗಡಿಯೊಳಗೆ ಕಣ್ಣು ಹಾಯಿಸಿ, ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ: "ಮಾಸ್ತರ ಇಲ್ಲೇನ್ರೀ?" ಬೆಳಗಾವಿಯಲ್ಲಿ ಗಂಡಸರ ಬಟ್ಟೆ ಹೊಲಿಯುವ ಅಂಗಡಿ ನಡೆಸುವ ಹೆಂಗಸಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನನಗಂತೂ 'ಮಾಸ್ಟರ್' ಎಂಬ ಈ ಇಂಗ್ಲಿಷ್ ಶಬ್ದ ಹುಟ್ಟಿದೂರಿನಿಂದಲೇ ಬೆನ್ನು ಹತ್ತಿದೆ.

೧. ಸಾಲಿ ಮಾಸ್ತರ

ಪಾರಿಶ್ವಾಡದಲ್ಲಿ ನಾನು ಚಿಕ್ಕವಳಿದ್ದಾಗ ಆ ಶಬ್ದಕ್ಕೆ ಒಂದೇ ಅರ್ಥ: ಎದುರಿಗೆ ಬಂದರೆ ಓಣಿಯ ಆಟವೆಲ್ಲ ನಿಂತುಹೋಗುವ ಮನುಷ್ಯ. ನಾಲ್ಕನೆಯ ಇಯತ್ತೆ ಮುಗಿದೊಡನೆ ಅಪ್ಪ ನನ್ನನ್ನು ಸಾಲಿ ಬಿಡಿಸಿದ. ಮಾಸ್ತರರು ಮನೆಗೇ ಬಂದರು.

"ಹುಡುಗಿ ಭಾಳ ಶಾಣ್ಯಾಕಿ ಅದಾಳ್ರೀ, ಬಿಡಸಬ್ಯಾಡ್ರಿ."

"ಕಲತು ಏನ್ ಮಾಸ್ತರ ಆಗ್ತಾಳೇನ್ರೀ?" ಎಂದ ಅಪ್ಪ.

ಅದಕ್ಕೆ ಮಾಸ್ತರರು ನಕ್ಕುಬಿಟ್ಟರು. ವಾದ ಅಲ್ಲಿಗೇ ಮುಗಿಯಿತು. ಒಳಗೆ ಚಹಾ ಮಾಡುತ್ತಿದ್ದವಳು ನಾನು. ನಗು ಕೇಳಿಸಿದ ಮೇಲೆ ಎರಡೂ ಕಪ್ಪಿಗೆ ಸಕ್ಕರೆ ಹಾಕಲಿಲ್ಲ. ಇಬ್ಬರೂ ಸಕ್ಕರೆ ಕೇಳದೆ ಕುಡಿದು ಮುಗಿಸಿದರು.

೨. ಬಂಗಾರದ ಗುಂಡಿ

ಮದುವೆಯಾಗಿ ಖಾನಾಪುರಕ್ಕೆ ಬಂದೆ. ಕೆಲವು ವರ್ಷಗಳ ಮೇಲೆ ಬೆಳಗಾವಿಯ ಒಂದು ಟೇಲರ್ ಅಂಗಡಿಯಲ್ಲಿ ಕಾಜಾ ಮಾಡಿ ಗುಂಡಿ ಹಚ್ಚುವ ಕೆಲಸ ಸಿಕ್ಕಿತು. ಮೊದಲ ದಿನ ರೈಲ್ವೆ ಸ್ಟೇಷನ್ನಿಗೆ ಹೋದರೆ, ಬಿಳಿ ಕೋಟು, ಬಂಗಾರದ ಬಣ್ಣದ ಗುಂಡಿ, ಹೆಗಲಿಗೆ ಪಟ್ಟಿ ಇದ್ದವರೊಬ್ಬರು ನಿಂತಿದ್ದರು.

"ಮಾಸ್ತರ್ರೀ, ಗಾಡಿ ಎಷ್ಟೊತ್ತಿಗೆ ಬರ್ತದ್ರೀ?"

ಅವರು ಬಹಳ ಗಂಭೀರವಾಗಿ, "ನಾನೂ ಅದರ ದಾರಿ ಕಾಯಾಕತ್ತೀನಿ ತಂಗಿ. ನಾ ಮದುವಿ ಬ್ಯಾಂಡಿನ ಮಾಸ್ತರ" ಎಂದರು.

ತಪ್ಪಾಯಿತು ಎಂದು ಹೇಳುವುದು ನನಗೆ ಅಂದೂ ಬರುತ್ತಿರಲಿಲ್ಲ, ಇಂದೂ ಬರುವುದಿಲ್ಲ. "ನಿಮ್ಮ ಕೋಟಿನ ಬಲಗಡಿ ಹೆಗಲ ಇಳದೈತ್ರಿ" ಎಂದೆ. ಪಾಪ, ಬೆಳಗಾವಿ ಬರುವವರೆಗೂ ಅವರು ಬಲ ಹೆಗಲನ್ನು ಎತ್ತಿಕೊಂಡೇ ಕುಳಿತಿದ್ದರು.

೩. ಪೇಪರಿನ ತೋಳು

ಅಂಗಡಿಯಲ್ಲಿ ಮಾಸ್ತರ ಎಂದರೆ ಬಟ್ಟೆಗೆ ಕತ್ತರಿ ಹಾಕುವವರು, ಅವರೊಬ್ಬರೇ. ಹೊಲಿಯುವವರು ಎಷ್ಟು ಜನರಿದ್ದರೂ ಆ ಕತ್ತರಿಯನ್ನು ಮುಟ್ಟುವಂತಿರಲಿಲ್ಲ. ನಮ್ಮ ಮಾಸ್ತರರು ಹಳೆಯ ಪೇಪರಿನಲ್ಲಿ ಮೊದಲು ಅಂಗಿಯ ನಮೂನೆ ಕತ್ತರಿಸಿಕೊಂಡು, ಅದನ್ನು ಬಟ್ಟೆಯ ಮೇಲಿಟ್ಟು ಗುರುತು ಹಾಕುತ್ತಿದ್ದರು. ಅರ್ಧಕ್ಕೆ ನಿಂತ ನನ್ನ ಓದು ಮತ್ತೆ ಶುರುವಾದದ್ದು ಆ ನಮೂನೆಗಳ ಮೇಲೆ. ಒಮ್ಮೆ ಒಂದು ಕೊಲೆಯ ಸುದ್ದಿ ಎದೆಯ ಭಾಗದಲ್ಲಿ ಶುರುವಾಗಿ ಕಂಕುಳಿನ ಹತ್ತಿರ ತುಂಡಾಗಿತ್ತು.

"ಮಾಸ್ತರ್ರೀ, ತೋಳಿನ ಪೇಪರ್ ಎಲ್ಲೈತ್ರಿ? ಕೊಂದಾವ ಯಾರಂತ ಅದರಾಗ ಇರತೈತಿ."

ಅವರು ಕನ್ನಡಕದ ಮೇಲಿಂದ ನೋಡಿ, "ಅದು ಅರ್ಧ ತೋಳಿನ ಅಂಗಿ ಐತವಾ. ಅಷ್ಟ ಉದ್ದ ತನಿಖಿ ಆಗೂದಿಲ್ಲ" ಎಂದರು.

೪. ಪರದೆಯ ಹಿಂದೆ

ರದ್ದಿಯಲ್ಲಿ ಒಂದು ಹರಕು ಇಂಗ್ಲಿಷ್-ಕನ್ನಡ ನಿಘಂಟು ಬಂತು. 'ಮಾಸ್ಟರ್' ಎಂಬ ಶಬ್ದವನ್ನು ಹುಡುಕಿದೆ. ಹಿಂದಿನ ಕಾಲದಲ್ಲಿ ಆಳುಗಳನ್ನು ಇಟ್ಟುಕೊಂಡ ಒಡೆಯ, ಆಮೇಲೆ ಗುರು, ಹಡಗು ನಡೆಸುವವನು, ವಿದ್ಯೆಯಲ್ಲಿ ಪಳಗಿದವನು. ಎಲ್ಲರೂ ಇದ್ದರು, ಕತ್ತರಿ ಹಿಡಿದವರು ಮಾತ್ರ ಇರಲಿಲ್ಲ. ಆ ಅರ್ಥವನ್ನು ನಮ್ಮ ಪೇಟೆಯವರೇ ಸೇರಿಸಿರಬೇಕು. ಹಾಗಾದರೆ ನನ್ನನ್ನೂ ಸೇರಿಸಬಹುದು ಎಂದುಕೊಂಡೆ.

ವಯಸ್ಸಾಗಿ ಮಾಸ್ತರರ ಕೈ ನಡುಗತೊಡಗಿತು. ಒಂದು ದಿನ ಕತ್ತರಿಯನ್ನು ನನ್ನ ಮುಂದಿಟ್ಟು, ಗಿರಾಕಿಗಳಿಗೆ ಕಾಣದಂತೆ ನಡುವೆ ಒಂದು ಪರದೆ ಕಟ್ಟಿದರು. ಎರಡು ವರ್ಷ ಹಾಗೇ ನಡೆಯಿತು. ಅಳತೆ ಅವರದು, ಕತ್ತರಿ ನನ್ನದು, ಹೊಗಳಿಕೆ ಅವರದು.

ಕೋಟೆಯ ಕಡೆಯ ನಿವೃತ್ತ ಸಾಹೇಬರೊಬ್ಬರು ಕೋಟು ಹಾಕಿಕೊಂಡು ಕನ್ನಡಿ ನೋಡುತ್ತ ಅಂದರು, "ಖರೇ ಮಾಸ್ತರ ಕೈ ಅಂದ್ರ ಇದು ನೋಡ್ರಿ. ಕತ್ತರಿ ಮಾತ್ರ ಆ ಹೆಣ್ಮಗಳ ಕೈಯಾಗ ಕೊಡಬ್ಯಾಡ್ರಿ."

"ನಾ ಕೊಡೂದೇನ್ ಬಂತ್ರೀ," ಎಂದರು ಮಾಸ್ತರರು. "ಆಕೀನ ನನ್ನ ಕೈಯಾಗ ಕೊಡವಲ್ಲಳು."

ಮರುದಿನ ಪರದೆ ಇರಲಿಲ್ಲ. ಒಗೆಯಲು ಒಯ್ದಿದ್ದೇನೆ ಎಂದರು. ಅದೆಂಥ ಕೊಳೆಯೋ, ಆ ಪರದೆ ಇಂದಿಗೂ ಒಗೆದು ಬಂದಿಲ್ಲ.

೫. ಹೋದ ತಿಂಗಳ ಗಿರಾಕಿ

ಮಾಸ್ತರರು ಈಗಿಲ್ಲ. ಅಂಗಡಿ ನನ್ನದು. ಅಪ್ಪ ಒಮ್ಮೆಯೂ ಇಲ್ಲಿಗೆ ಬಂದಿರಲಿಲ್ಲ, ನಾನೂ ಕರೆದಿರಲಿಲ್ಲ. ಹಟದಲ್ಲಿ ನಾವಿಬ್ಬರೂ ಒಂದೇ ಥಾನಿನ ಬಟ್ಟೆ.

ಹೋದ ತಿಂಗಳು ಒಂದು ಮಧ್ಯಾಹ್ನ ಅಪ್ಪ ಕೈಚೀಲದಲ್ಲಿ ಅಂಗಿಯ ಬಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಇಬ್ಬರು ಗಿರಾಕಿಗಳು ಕುಳಿತಿದ್ದರು. ನನ್ನ ಕೊರಳಿನ ಟೇಪು ನೋಡಿದ, ಕತ್ತರಿ ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಕೇಳಿದ:

"ಮಾಸ್ತರ ಇಲ್ಲೇನ್ರೀ?"

"ಅದಾರ. ಕೈ ಎತ್ತಿ ನಿಂದರ್ರಿ" ಎಂದೆ.

ಎರಡೂ ಕೈ ಎತ್ತಿ, ಸಾಲಿಯಲ್ಲಿ ಶಿಕ್ಷೆಯಾದವನ ಹಾಗೆ ನಿಂತ. ಹೆಗಲು ನಾನು ತಿಳಿದದ್ದಕ್ಕಿಂತ ಸಣ್ಣದಾಗಿತ್ತು.

"ಕಿಸೆ ಎಷ್ಟ ಇಡಲಿ?"

"ಮಾಸ್ತರಗ ತಿಳದಷ್ಟ."

ಟೇಪಿನ ಅಂಕಿ ಕಾಣಲಿಲ್ಲ. "ಬೆಳಕ ಸಾಲವಲ್ದು" ಎಂದೆ. ಹೊರಗೆ ರಣಬಿಸಿಲಿತ್ತು. ಗಿರಾಕಿಗಳು ಪುಣ್ಯವಂತರು, ಒಬ್ಬರು ಎದ್ದು ಲೈಟು ಹಚ್ಚಿದರು.

ಒಳಗೆ ಹೋಗಿ ಚಹಾ ಮಾಡಿ ತಂದೆ. ಅಪ್ಪ ಬಸಿಗೆ ಸುರುವಿಕೊಂಡು ಒಂದು ಗುಟುಕು ಕುಡಿದ.

"ಈ ಸಲ ಸಕ್ಕರಿ ಹಾಕೀದಿ ನೋಡವಾ" ಎಂದ.