ಇಪ್ಪತ್ತೆಂಟು ದಿನ ಕಪಾಟು ಒರೆಸದಿರುವ ಕುರಿತು

ಇಂದ:
ಈ ಮನೆಯ ಅಳಿಯ,
ಆವಕ-ಜಾವಕ ಗುಮಾಸ್ತ,
ಮಹಡಿ ಮೇಲಿನ ಕೋಣೆ.

ಗೆ:
ಅತ್ತೆಯವರು,
ಅಡುಗೆಮನೆಯ ಸರ್ವಾಧಿಕಾರಿಗಳು,
ಅದೇ ಮನೆ, ಹದಿನಾಲ್ಕು ಮೆಟ್ಟಿಲು ಕೆಳಗೆ.

ವಿಷಯ: ಬಣ್ಣ ಬಳಿದ ಹನ್ನೊಂದು ಕಪಾಟು ಬಾಗಿಲುಗಳಿಗೆ ಬಾಳಿಕೆ ಬರುವ ಮೇಲ್ಪದರವೊಂದನ್ನು ಆಯ್ದುಕೊಡುವಂತೆಯೂ, ಹಚ್ಚಿದ ಮೇಲೆ ಅದನ್ನು ಒರೆಸಿ ತೆಗೆಯದಿರುವಂತೆಯೂ ಕೋರಿ.

ಉಲ್ಲೇಖ:
೧. ತರಬೇತಿಗೆ ಹೊರಡುವಾಗ ತಮ್ಮ ಮಗಳು ಹೊಸ್ತಿಲಲ್ಲಿ ನಿಂತು ಹೊರಡಿಸಿದ ಮೌಖಿಕ ಆದೇಶ.
೨. ಬಣ್ಣದಂಗಡಿಯವರು ಮೂರು ಸಲ ಮಾಡಿದ ಆಣೆ.
೩. ಕಳೆದ ಮಂಗಳವಾರ ತಾವು ಸ್ಟೂಲಿನ ಮೇಲೆ ನಿಂತು ಆಡಿದ, ನನ್ನ ಕಿವಿಗೆಂದು ಆಡಿರದ ಮಾತು.

ಮಾನ್ಯ ಅತ್ತೆಯವರೇ,

ತಾವೂ ನಾನೂ ಏಳು ವರ್ಷಗಳಿಂದ ಒಂದೇ ಸೂರಿನಡಿ ವಾಸವಾಗಿದ್ದು, ಸದರಿ ಅವಧಿಯಲ್ಲಿ ಪರಸ್ಪರ ಒಂದು ಮಾತನ್ನೂ ನೇರವಾಗಿ ಆಡಿರುವುದಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಹೆದರಿ ಸುಮ್ಮನಿದ್ದೆ. ಅಳಿಯಂದಿರು ಗಂಭೀರ ಸ್ವಭಾವದವರೆಂದು ತಾವು ಸುಮ್ಮನಾದಿರಿ. ತಾವು ಸುಮ್ಮನಾದ ಕಾರಣ ನಾನು ಮತ್ತಷ್ಟು ಸುಮ್ಮನಾದೆ. ಆದ್ದರಿಂದ ನಮ್ಮ ಸಕಲ ವ್ಯವಹಾರವೂ ತಮ್ಮ ಮಗಳ ಮೂಲಕವೇ ನಡೆದು ಬಂದಿದೆ. ಒಂದೇ ಮೇಜಿಗೆ ಕೂತು ತಾವು "ಅವರಿಗೆ ಇನ್ನೊಂದ್ ಲೋಟ ಕಾಫಿ ಬೇಕಾ ಕೇಳೇ" ಅನ್ನುತ್ತೀರಿ. ನಾನು "ಅರ್ಧ ಲೋಟ ಸಾಕು ಅಂತ ಹೇಳು" ಅನ್ನುತ್ತೇನೆ. ನಡುವೆ ಕೂತವಳು "ಇಬ್ರಿಗೂ ಕಿವಿ ಚೆನ್ನಾಗೇ ಇದ್ಯಲ್ಲ!" ಎಂದು ತಲೆ ಚಚ್ಚಿಕೊಳ್ಳುತ್ತಾಳೆ. ಆಕೆ ಮೂರು ವಾರದ ತರಬೇತಿಗೆ ಹೋದ ನಂತರ ಊಟ ಸಿದ್ಧವಾದ ವಿಷಯವನ್ನು ತಾವು ಗೋಡೆ ಗಡಿಯಾರಕ್ಕೆ ತಿಳಿಸುತ್ತಿದ್ದು, ನಾನು ಬಂದು ಉಣ್ಣುತ್ತಿದ್ದೇನೆ.

ಈ ಹಿನ್ನೆಲೆಯಲ್ಲಿ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ:

೧. ಉಲ್ಲೇಖ (೧)ರ ಆದೇಶದ ಪೂರ್ಣಪಾಠ: "ನಾನ್ ಬರೋಷ್ಟ್ರಲ್ಲಿ ಕಪಾಟು ಮುಗಿಸಿರ್ಬೇಕು. ಕೈ ಹಾಕಿದ್ದೆಲ್ಲ ಅರ್ಧಕ್ಕೆ ಬಿಡೋದು ನಿಮ್ಮ ಹುಟ್ಟುಗುಣ. ಅಮ್ಮಂಗೆ ನಾನ್ ಹೇಳಿರ್ತೀನಿ." ಆಕೆ ತಮಗೆ ಹೇಳಿದ್ದು ಬಣ್ಣದ ವಿಷಯ ಮಾತ್ರ. ಬಣ್ಣದ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ಪದರವಿರುತ್ತದೆಂಬ ವಿಷಯವನ್ನು ಬಸ್ಸಿನ ಗಡಿಬಿಡಿಯಲ್ಲಿ ಮರೆತಿರುವುದು ಈಗ ಸಾಬೀತಾಗಿದೆ.

೨. ಮೊದಲ ವಾರ ತಿಳಿಹಸಿರು ಬಣ್ಣ ಬಳಿದು ಮುಗಿಸಿದೆ. ಅಡುಗೆಮನೆಯ ಹಬೆ, ಎಣ್ಣೆ, ಒದ್ದೆ ಕೈಗಳ ಎದುರು ಬರೀ ಬಣ್ಣ ನಿಲ್ಲುವುದಿಲ್ಲವಾದ ಕಾರಣ, ಎರಡನೇ ವಾರ ನೀರಿನಲ್ಲಿ ಕಲಸುವ ಪಾರದರ್ಶಕ ಪದರವೊಂದನ್ನು ತಂದು, ಬೆಳಿಗ್ಗೆ ಎಂಟೂವರೆಗೆ ಹಚ್ಚಿ ಕಚೇರಿಗೆ ಹೋದೆ. ಸಂಜೆ ಬಂದು ನೋಡಿದರೆ ಪದರ ನಾಪತ್ತೆ. ಮರುದಿನ ಮತ್ತೆ ಹಚ್ಚಿದೆ. ಮತ್ತೆ ನಾಪತ್ತೆ. ಹೀಗೆ ನಾಲ್ಕು ದಿನ.

೩. ಅಂಗಡಿಯವರ ಜೊತೆ ಜಗಳವಾಡಿದೆ. ಅವರು ಡಬ್ಬ ಬದಲಿಸಿ ಎಣ್ಣೆ ಮೂಲದ್ದನ್ನು ಕೊಟ್ಟರು. "ನಮ್ಮಪ್ಪನಾಣೆ ಸಾರ್, ಸ್ವಲ್ಪ ಹಳದಿಗೆ ತಿರುಗ್ಬೋದು, ಆದ್ರೆ ಜಪ್ಪಯ್ಯ ಅಂದ್ರೂ ಹೋಗಲ್ಲ." ಅದೂ ಸಂಜೆಯೊಳಗೆ ಹೋಯಿತು, ಅಡುಗೆಮನೆಯಲ್ಲಿ ಸೀಮೆಎಣ್ಣೆಯ ವಾಸನೆ ಮಾತ್ರ ಉಳಿಯಿತು. ಅದು ಪದರದ ಸ್ವಂತ ವಾಸನೆಯೆಂದೇ ನಾನು ದಡ್ಡನಂತೆ ನಂಬಿದೆ.

೪. ಮೂರನೆಯದು ಹಡಗಿಗೆ ಹಚ್ಚುವ ವಾರ್ನಿಷ್. "ಸಮುದ್ರನೇ ಇದಕ್ಕೆ ಏನೂ ಮಾಡಕ್ಕಾಗಲ್ಲ ಸಾರ್. ನಿಮ್ಮನೆ ಅಡುಗೆಮನೆ ಏನ್ ಮಹಾ?" ಎಂದರು. ಅವರಿಗೆ ತಮ್ಮ ಪರಿಚಯವಿರಲಿಲ್ಲ.

೫. ಮಂಗಳವಾರ ಕನ್ನಡಕ ಮರೆತು ಹತ್ತು ಗಂಟೆಗೆ ವಾಪಸು ಬಂದೆ. ತಾವು ಮೂರು ಕಾಲು ನೆಟ್ಟಗಿದ್ದು ನಾಲ್ಕನೆಯದು ಲಟಪಟ ಎನ್ನುವ ಆ ಸ್ಟೂಲು ಹತ್ತಿ, ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದರಲ್ಲಿ ಬಟ್ಟೆ ಹಿಡಿದು, ಮೇಲಿನ ಸಾಲಿನ ಬಾಗಿಲುಗಳನ್ನು ಕಸುವಿನಿಂದ ಉಜ್ಜುತ್ತಿದ್ದಿರಿ. ಕಿಟಕಿಯಾಚೆಯಿಂದ ಪಕ್ಕದ ಮನೆಯವರು, "ದಿನಾ ಹತ್ತಿ ಉಜ್ತೀರಲ್ಲ, ಮಂಡಿ ನೋವು ಅಂತಿದ್ರಿ?" ಎಂದರು. ಅದಕ್ಕೆ ತಾವು:

"ಏನ್ ಮಾಡ್ಲಿ? ಬಣ್ಣದ ಮೇಲೆ ದಿನಾ ಏನೋ ಜಿಡ್ಡು ಬಂದು ಕೂರತ್ತೆ. ಒಂದಿನ ಸೋಪಿಗೆ ಹೋಗತ್ತೆ, ಒಂದಿನ ಸೀಮೆಎಣ್ಣೆನೇ ಬೇಕು. ಪಾಪ, ನಮ್ಮ ಅಳಿಯ ಬೆನ್ನು ಮುರ್ಕೊಂಡು ಬಳಿದಿದಾನೆ. ಇವಳು ಬಂದು ಜಿಡ್ಡು ನೋಡಿ ಏನಾದ್ರೂ ಅಂದ್ಬಿಟ್ರೆ? ಅವನು ಬಾಯಿ ಬಿಟ್ಟು ಹೇಳ್ಕೊಳೋನಲ್ಲ, ಒಳಗೊಳಗೇ ನೊಂದ್ಕೋತಾನೆ."

೬. ನಾನು ಕನ್ನಡಕ ತೆಗೆದುಕೊಳ್ಳದೆ ಕಚೇರಿಗೆ ಮರಳಿದೆ. ಅಂದು ಬಂದ ಪತ್ರಗಳನ್ನೆಲ್ಲ ಹೋದ ಪತ್ರಗಳ ಪುಸ್ತಕದಲ್ಲಿ ನಮೂದಿಸಿರುವುದು ವರದಿಯಾಗಿದೆ. ಕಾರಣ ಕೇಳಿದ ಮೇಲಧಿಕಾರಿಗಳಿಗೆ ಕಣ್ಣು ಮಂಜಾಗಿತ್ತೆಂದು ಉತ್ತರಿಸಿದ್ದು, ಅದು ಸುಳ್ಳಲ್ಲ. ಇಷ್ಟು ದಿನ ತಾವು ನನ್ನನ್ನು ಸಹಿಸಿಕೊಂಡಿದ್ದೀರಿ ಎಂದುಕೊಂಡಿದ್ದೆ. ತಾವು ನನ್ನ ಪರ ವಹಿಸುತ್ತಿದ್ದಿರಿ, ಅದೂ ನೋಯುವ ಮಂಡಿಯಲ್ಲಿ, ಸ್ವಂತ ಮಗಳ ವಿರುದ್ಧ.

೭. ಅಂದಿನಿಂದ ಪದರ ಹಚ್ಚುವುದನ್ನು ನಿಲ್ಲಿಸಿದ್ದೇನೆ. ಆದರೂ ತಾವು ನಿಲ್ಲಿಸಿಲ್ಲ. ಜಿಡ್ಡು ಬರುವ ಮೊದಲೇ ಒರೆಸುತ್ತಿದ್ದೀರಿ. ಸ್ಟೂಲಿನ ಕಾಲಿಗೆ ನಾನು ಗುಟ್ಟಾಗಿ ಮೊಳೆ ಹೊಡೆದಿದ್ದೇನಾದರೂ, ನನ್ನ ಮರಗೆಲಸದ ಮೇಲೆ ನನಗೇ ಭರವಸೆಯಿಲ್ಲ. ತಾವು ಬಿದ್ದರೆ ಈ ಕಪಾಟು ಕಟ್ಟಿಕೊಂಡು ನಾನೇನು ಮಾಡಲಿ?

೮. ಎದುರಿಗೆ ಬಂದು ಹೇಳಲು ಮೂರು ಸಲ ಮೆಟ್ಟಿಲಿಳಿದೆ. "ಅತ್ತೆ, ಒರೆಸಬೇಡಿ" ಎಂಬ ವಾಕ್ಯವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಆದರೆ ಏಳು ವರ್ಷಗಳ ಮೇಲೆ ಆಡುವ ಮೊದಲ ಮಾತೇ "ಬೇಡಿ" ಎಂದಾಗಬಾರದೆನಿಸಿ, ಮೂರು ಸಲವೂ ನೀರು ಕುಡಿದು ಮೇಲೆ ಹೋದೆ. ಆದ್ದರಿಂದ ಈ ಅರ್ಜಿ.

ಮೇಲ್ಕಂಡ ಎಲ್ಲ ಕಾರಣಗಳಿಂದ ತಾವು ದಯಮಾಡಿ,

(ಅ) ಲಗತ್ತಿಸಿದ ಮಾದರಿ ಹಲಗೆಗಳನ್ನು ಸೋಪು, ಸೀಮೆಎಣ್ಣೆ, ಉಗುರು ಇತ್ಯಾದಿ ತಮಗೆ ತಿಳಿದ ಎಲ್ಲ ವಿಧಾನಗಳಿಂದಲೂ ಉಜ್ಜಿ, ಯಾವುದು ಜಗ್ಗಲಿಲ್ಲವೋ ಅದನ್ನೇ ಆಯ್ದುಕೊಡಬೇಕು. ಇವು ಪೂರಾ ಒಣಗಿದವು. ಅಂಗಡಿಯವರಲ್ಲಿ ಬೇಡಿ ತಂದದ್ದು. ಬಾಳಿಕೆಯ ವಿಷಯದಲ್ಲಿ ತಮ್ಮ ಕೈಗಿಂತ ದೊಡ್ಡ ಪರೀಕ್ಷೆ ಇಲ್ಲ;

(ಆ) ಆಯ್ದ ಪದರವನ್ನು ನಾನು ಹಚ್ಚಿದ ಮೇಲೆ, ಅದು ಗಟ್ಟಿಯಾಗುವ ಇಪ್ಪತ್ತೆಂಟು ದಿನ ಬಟ್ಟೆ ತಾಗಿಸಬಾರದು. ಕೈ ತುರಿಸಿದರೆ ಮಹಡಿ ಮೇಲಿನ ನನ್ನ ಮೇಜನ್ನು ಒರೆಸಬಹುದು, ಬಹಳ ಕೊಳೆಯಾಗಿದೆ;

(ಇ) ಸ್ಟೂಲನ್ನು ಹತ್ತಲೇಬಾರದು. ಈ ಅಂಶದಲ್ಲಿ ರಿಯಾಯಿತಿ ಇಲ್ಲ.

ತಮ್ಮ ವಿಶ್ವಾಸಿಯೂ, ಇರುವ ಒಬ್ಬನೇ ಅಳಿಯನೂ ಆದ,
(ಸಹಿ)

ಲಗತ್ತುಗಳು:
೧. ಮಾದರಿ ಹಲಗೆ, ಮೂರು: ಹೊಳಪಿನದು, ಅರೆಹೊಳಪಿನದು, ಹೊಳಪಿಲ್ಲದ್ದು.
೨. ಡಬ್ಬದ ಮೇಲಿನ ಸೂಚನೆಗಳ ನಕಲು, ದಪ್ಪ ಅಕ್ಷರದಲ್ಲಿ.
೩. ಮಂಡಿಗೆ ಹಚ್ಚುವ ಮುಲಾಮು, ಒಂದು.

ಪ್ರತಿ: ಭಾನುವಾರ ಹಿಂದಿರುಗಲಿರುವ ಮಗಳಿಗೆ ಕಳಿಸಿಲ್ಲ. ಅರ್ಧಕ್ಕೆ ಬಿಟ್ಟ ಕಪಾಟಿನ ಪೂರ್ಣ ಹೊಣೆ ನನ್ನದೇ ಎಂದು ಆಕೆಯ ಮುಂದೆ ಒಪ್ಪಿಕೊಳ್ಳಲಿದ್ದೇನೆ.

ವಿಶೇಷ ಸೂಚನೆ: ಈ ಅರ್ಜಿಗೆ ಲಿಖಿತ ಉತ್ತರದ ಅಗತ್ಯವಿರುವುದಿಲ್ಲ. ಮಂಜೂರಾದಲ್ಲಿ ಒಂದು ಮಾತು, ತಿರಸ್ಕೃತವಾದಲ್ಲಿ ನಾಲ್ಕು ಮಾತು, ಅರ್ಜಿದಾರನನ್ನೇ ಎದುರಿಗೆ ಕರೆದು ಹೇಳತಕ್ಕದ್ದು. ಸಾಧ್ಯವಾದರೆ ತಿರಸ್ಕರಿಸಬೇಕಾಗಿ ವಿನಂತಿ.