ನಮ್ಮ ಸೀನಿಯರ್ ಎಮ್ಮೆಲ್ಲೆ ಆದದ್ದು

ಕೋರ್ಟಿಗೆ ಯಾರೂ ನಗೋದಕ್ಕೆ ಬರುವುದಿಲ್ಲ. ಆದರೂ ಬಂಗಾರಪೇಟೆಯಲ್ಲಿ ನಮ್ಮ ಸೀನಿಯರ್ ವಕೀಲರ ಕೈಕೆಳಗೆ ಇದ್ದಷ್ಟು ಕಾಲ, ಅಳುತ್ತ ಬಂದವರೇ ನನ್ನನ್ನು ನಗಿಸಿ ಹೋಗಿದ್ದಾರೆ. ಸೀನಿಯರ್ ರಾಜಕೀಯಕ್ಕೆ ಇಳಿದ ಮೇಲೂ ಅದು ತಪ್ಪಲಿಲ್ಲ.

೧. ತಮ್ಮನ ಓಟು

ಸೀನಿಯರ್ ಎಮ್ಮೆಲ್ಲೆ ಚುನಾವಣೆಗೆ ನಿಂತಾಗ ಪ್ರಚಾರಕ್ಕೆ ಬೇತಮಂಗಲದ ಕಡೆ ಹೋದೆವು. ಅಲ್ಲೊಂದು ಹಳ್ಳಿಯಲ್ಲಿ ಅಣ್ಣ ತಮ್ಮಂದಿರಿಗೆ ಜಮೀನಿನ ವ್ಯಾಜ್ಯ. ಅಣ್ಣನ ವಕೀಲರು ನಮ್ಮ ಸೀನಿಯರೇ. ತಮ್ಮನ ಮನೆ ಬಂದಾಗ ನಾನು, "ಇಲ್ಲಿ ಬೇಡ ಸಾರ್" ಅಂದೆ. ಅವರು ಕೇಳದೆ ಕೈಮುಗಿದುಕೊಂಡು ಒಳಗೇ ಹೋದರು.

ತಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟ. "ನಮ್ಮನೆ ಓಟೆಲ್ಲ ನಿಮಗೇ ಸ್ವಾಮಿ. ಅತ್ತೆ ಮನೆಯೋರ್ಗೂ ಏಳಿದೀನಿ."

ಸೀನಿಯರ್ ಕಣ್ಣು ಒದ್ದೆಯಾಯಿತು. "ನಿನ್ನ ಮೇಲೆ ಕೇಸು ನಡೆಸ್ತಿರೋನು ನಾನು. ಆದ್ರೂ ಇಂಥ ದೊಡ್ಡ ಮನಸ್ಸು ಮಾಡಿದೆಯಲ್ಲಪ್ಪ."

"ಅದಕ್ಕೇ ಸ್ವಾಮಿ. ನೀವು ಗೆದ್ದು ಬೆಂಗ್ಳೂರಿಗೆ ಒಂಟೋದ್ರೆ, ನಮ್ಮಣ್ಣಂಗೆ ಅಂಥ ವಕೀಲ್ರು ಇನ್ನೆಲ್ಲಿ ಸಿಕ್ತಾರೆ?"

೨. ಸಾಕ್ಷಿ

ಗೆದ್ದರು. ವಕೀಲಿ ಬುದ್ಧಿ ಮಾತ್ರ ಬಿಡಲಿಲ್ಲ. ಉರಿಗಾಂನಲ್ಲಿ, ಗಣಿ ಕೆಲಸಗಾರರಿಗೆ ಕಟ್ಟಿದ್ದ ಹಳೇ ಮನೆಗಳ ಸಾಲಿನಲ್ಲಿ, ಒಬ್ಬ ತಮಿಳು ಅಜ್ಜಿ ಅವರನ್ನು ತಡೆದಳು. ಗಂಡ ಗಣಿಯ ಧೂಳಿಗೆ ಎದೆ ಕೆಟ್ಟು ತೀರಿಕೊಂಡಿದ್ದ; ಈಕೆ ಒಂಟಿ ಜೀವ.

"ತಣ್ಣಿ ವರಲೆ ಸಾರ್. ನೀರೇ ಬರ್ತಿಲ್ಲ."

ಸೀನಿಯರ್ ಪಾಟೀಸವಾಲಿಗೆ ಇಳಿದೇಬಿಟ್ಟರು. "ಯಾವತ್ತಿಂದ? ನೀನೇ ಕಣ್ಣಾರೆ ನೋಡಿದೆಯಾ? ಸಾಕ್ಷಿ ಯಾರು?"

ಅಜ್ಜಿ ಒಳಗಿಂದ ಖಾಲಿ ಕೊಡ ತಂದು ಅವರ ಮುಂದಿಟ್ಟಳು. "ಇದೇ ಸಾರ್ ಸಾಕ್ಷಿ. ತಟ್ಟಿ ನೋಡಿ, ಮಾತಾಡುತ್ತೆ."

ಅವರು ನಗಲಿಲ್ಲ. ಕೊಡವನ್ನು ಕಾರಿನಲ್ಲಿಟ್ಟುಕೊಂಡು ನೇರ ಎಂಜಿನಿಯರ್ ಕಚೇರಿಗೆ ಹೋಗಿ, ಮೇಜಿನ ಮೇಲಿಟ್ಟು ಬಂದರು. ಆ ವಾರವೇ ನಲ್ಲಿಯಲ್ಲಿ ನೀರು ಬಂತು. ಅಜ್ಜಿ ಹೇಳಿಕಳಿಸಿದಳು: "ನೀರು ಬಂತು ಸಾರ್. ಕೊಡ ಬರಲಿಲ್ಲ."

೩. ಮೌನಾಚರಣೆ

ಮುಂದಿನ ಚುನಾವಣೆಯಲ್ಲಿ ಸೋತು, ಸೀನಿಯರ್ ಮತ್ತೆ ಕರಿ ಕೋಟು ತೊಟ್ಟರು. ಒಂದು ಬೆಳಿಗ್ಗೆ ಕೋರ್ಟಿಗೆಂದು ಹೊರಟವರು ಮನೆ ಬಾಗಿಲಲ್ಲೇ ಕುಸಿದರು. ಏಳಲಿಲ್ಲ.

ಕೋರ್ಟಿನಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ನ್ಯಾಯಾಧೀಶರು ಅವತ್ತಿನ ಕೇಸುಗಳನ್ನೆಲ್ಲ ಮುಂದೂಡಿದರು. ಹೊರಗೆ ಬೆಂಚಿನ ಮೇಲೆ ಅವರ ಹಳೇ ಕಕ್ಷಿದಾರ, ಹಳ್ಳಿಯ ಮುದುಕನೊಬ್ಬ, ಕಾಯುತ್ತಿದ್ದ. ಅವನ ಕೇಸಿಗೆ ಸೀನಿಯರ್ ವರ್ಷಗಟ್ಟಲೆ ವಾಯಿದೆಯ ಮೇಲೆ ವಾಯಿದೆ ಕೇಳಿದ್ದರು. ನಾನು ಪಕ್ಕದಲ್ಲಿ ಕೂತು ಸುದ್ದಿ ಹೇಳಿದೆ. ಟವಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತ.

ಆಮೇಲೆ ಕೇಳಿದ: "ನಮ್ ಕೇಸು?"

"ಮುಂದಕ್ಕೆ ಹೋಯ್ತು ತಾತ. ಅವರು ತೀರಿಕೊಂಡರಲ್ಲ, ಅದಕ್ಕೆ."

ಮುದುಕ ಮೂಗು ಒರೆಸಿಕೊಂಡು ಎದ್ದ. "ಇಷ್ಟು ವರ್ಷ ಏನೇನೋ ನೆಪ ಏಳಿ ವಾಯ್ದೆ ತಗೊಂಡ್ರು ಕಣಪ್ಪ. ಇವತ್ತೊಂದಿನ ನಿಜವಾದ ಕಾರಣ ಕೊಟ್ರು."