ಗಾಳಿ ಕೇಳಿದವರಿಗೆ ನೀರು

ಕೊಟ್ಟೂರಿನಲ್ಲಿ ಕೂಡ್ಲಿಗಿ ರಸ್ತೆಗೆ ಮುಖ ಮಾಡಿ ನನ್ನದೊಂದು ಟಯರ್ ಅಂಗಡಿ ಇದೆ. ಬೋರ್ಡಿನ ಮೇಲೆ ‘ಇಲ್ಲಿ ಗಾಳಿ ಹಾಕಲಾಗುತ್ತದೆ’ ಅಂತ ದೊಡ್ಡದಾಗಿ ಬರೆಸಿದ್ದೇನೆ. ಆದರೆ ನನ್ನ ಕೈಗುಣವೋ ಏನೋ, ಗಾಳಿ ಹಾಕಿಸಿಕೊಂಡು ಹೋದವರ ಗಾಲಿಯಲ್ಲಿ ಆಗಾಗ ನೀರು ಸಿಗುತ್ತಿರುತ್ತದೆ. ನಮ್ಮ ಮನೆಯ ನಲ್ಲಿಯಲ್ಲಿ ವಾರಗಟ್ಟಲೆ ನೀರು ಬರುವುದಿಲ್ಲ. ಕಾರಿನ ಟಯರಿನೊಳಗೆ ಮಾತ್ರ ಕರೆಯದೇ ಬರುತ್ತದೆ.

ದನದ ಡಾಕ್ಟ್ರು

ಕೂಡ್ಲಿಗಿ ಕಡೆಯ ದನದ ಡಾಕ್ಟ್ರೊಬ್ಬರು ನನ್ನ ಕಾಯಂ ಗಿರಾಕಿ. ಒಂದು ದಿನ ಕಾರು ತಂದು ನಿಲ್ಲಿಸಿ, “ನಿಧಾನಕ್ಕೆ ಹೊಂಟಾಗ ಗುಳುಗುಳು ಅಂತೈತಿ. ಜೋರಾಗಿ ಹೊಂಟ್ರೆ ಸಪ್ಪಳ ಇಲ್ಲ, ಸ್ಟೇರಿಂಗ್ ನಡುಗತೈತಿ. ಏನು ನೋಡು” ಅಂದರು.

ನಾನು ಅನುಭವಸ್ಥನ ಗತ್ತಿನಲ್ಲಿ, “ಸೀಟಿನ ಕೆಳಗ ನೀರಿನ ಬಾಟ್ಲಿ ಉರುಳ್ತಿರಬೇಕು ಬಿಡ್ರಿ” ಅಂದೆ. ಸೀಟು, ಡಿಕ್ಕಿ ಎಲ್ಲ ತಡಕಿದೆ. ಬಾಟ್ಲಿ ಇರಲಿಲ್ಲ. ಡಾಕ್ಟ್ರು ತಾಳ್ಮೆಗೆಟ್ಟು ತಮ್ಮ ಸ್ಟೆತೋಸ್ಕೋಪ್ ತೆಗೆದು ಮುಂದಿನ ಟಯರಿಗೆ ಒತ್ತಿ ಹಿಡಿದರು. ಕಾರನ್ನು ಮೆಲ್ಲಗೆ ತಳ್ಳಲು ನನಗೆ ಹೇಳಿದರು. ತಳ್ಳಿದೆ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡತೊಡಗಿದರು.

“ಇದರಾಗೇ ಐತಿ! ಎಮ್ಮಿ ಹೊಟ್ಟಿ ಹಿಂಗ ಗುಡುಗಿದ್ರೆ ಆರೋಗ್ಯ ಚಲೋ ಐತಿ ಅಂತಿದ್ದೆ. ಕಾರಿಗೆ ಏನನ್ನಲಿ?”

ನಾನು ಕೂತು ವಾಲ್ವಿನ ಪಿನ್ ಬಿಚ್ಚಿದೆ. ಬುಸ್ ಅಂತ ಗಾಳಿಯ ಜೊತೆ ತುಕ್ಕಿನ ನೀರು ನನ್ನ ಮುಖಕ್ಕೇ ರಾಚಿತು.

“ಗಾಳಿ ಹಾಕ್ದೋರು ಯಾರು?” ಅಂದರು ಡಾಕ್ಟ್ರು.

“ನಾನ್ರಿ.”

ಆಮೇಲೆ ನೆನಪಾಯಿತು. ನಮ್ಮ ಸುತ್ತಲಿನ ಗಾಳಿಯಲ್ಲಿ ಪಸೆ ಇರುತ್ತದೆ. ಆ ಗಾಳಿಯನ್ನು ಮಷೀನು ಟ್ಯಾಂಕಿಗೆ ಒತ್ತಿ ತುಂಬಿದಾಗ ಪಸೆ ನೀರಾಗಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಕೆಳಗಿನ ನಲ್ಲಿ ತಿರುವಿ ದಿನಾ ಅದನ್ನು ಹೊರಗೆ ಬಿಡಬೇಕು. ಬಿಡದಿದ್ದರೆ ಗಾಳಿಯ ಪೈಪಿನಲ್ಲೇ ಹರಿದು ಗಿರಾಕಿಯ ಟಯರು ಸೇರುತ್ತದೆ. ಇಡೀ ಮಳೆಗಾಲ ನಾನು ಆ ನಲ್ಲಿಯನ್ನು ಮುಟ್ಟಿರಲಿಲ್ಲ. ಈಗ ಡಾಕ್ಟ್ರ ಎದುರೇ ತಿರುವಿದೆ. ಭರ್ರೆಂದು ಕೆಂಪು ನೀರು ಅಂಗಡಿ ತುಂಬ ಹರಿಯಿತು.

ಡಾಕ್ಟ್ರು ಪ್ಯಾಂಟು ಎತ್ತಿ ಹಿಂದೆ ಸರಿಯುತ್ತಾ ರೋಗ ಗುರುತಿಸಿದರು: “ಪಾಪ, ನಿನ್ನ ಮಷೀನಿಗೆ ಮಲಬದ್ಧತಿ ಆಗಿತ್ತು ನೋಡು.”

ಎರಡು ಪೈಪು

ನಮ್ಮ ಕಡೆ ಎರೆ ಹೊಲದಲ್ಲಿ ಟ್ರ್ಯಾಕ್ಟರು ಜಾರಬಾರದು ಅಂತ ಹಿಂದಿನ ದೊಡ್ಡ ಗಾಲಿಗಳಿಗೆ ಬೇಕೆಂದೇ ನೀರು ತುಂಬಿಸುತ್ತಾರೆ. ಭಾರ ಕೂತರೆ ಹಿಡಿತ ಬರುತ್ತದೆ. ಅದಕ್ಕಾಗಿ ನನ್ನ ಅಂಗಡಿಯಲ್ಲಿ ಗಾಳಿಗೊಂದು ಪೈಪು, ನೀರಿಗೊಂದು ಪೈಪು. ಎರಡಕ್ಕೂ ಒಂದೇ ಥರದ ಮೂತಿ ಮಾಡಿಸಿ, ಎರಡನ್ನೂ ಒಂದೇ ಮೊಳೆಗೆ ನೇತು ಹಾಕಿದ್ದು ನನ್ನ ಸ್ವಂತ ಬುದ್ಧಿವಂತಿಕೆ.

ಅವತ್ತು ಹಗರಿಬೊಮ್ಮನಹಳ್ಳಿ ಕಡೆಯ ರೈತನೊಬ್ಬ ಟ್ರ್ಯಾಕ್ಟರಿಗೆ ನೀರು ತುಂಬಿಸಿಕೊಂಡು ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದ. ಅಷ್ಟರಲ್ಲಿ ಹಡಗಲಿಯ ಹೆಡ್‌ಮೇಷ್ಟ್ರು ಕಾರು ನಿಲ್ಲಿಸಿ, “ಹಿಂದಿನ ಎಡಗಾಲಿಯಲ್ಲಿ ಗಾಳಿ ಕಡಿಮೆಯಾಗಿದೆ, ಹಾಕಿ” ಅಂದರು. ಅದೇ ಹೊತ್ತಿಗೆ ನನ್ನ ಭಾವಮೈದುನನ ಫೋನು. ಊರ ಪಂಚಾಯ್ತಿ ಸುದ್ದಿ. ಫೋನನ್ನು ಹೆಗಲು ಕಿವಿಗಳ ನಡುವೆ ಸಿಕ್ಕಿಸಿಕೊಂಡು ಪೈಪು ಎಳೆದು ಮೂತಿ ಇಟ್ಟೆ. ಮಾತು ಸ್ವಾರಸ್ಯವಾಗಿತ್ತು, ಟಯರು ಉಬ್ಬುತ್ತಿತ್ತು. “ಆತ್ರಿ ಸರ್” ಅಂದೆ. ಮೇಷ್ಟ್ರು ಹೋದರು.

ಸ್ವಲ್ಪ ಹೊತ್ತಿಗೇ ಕಾರು ಕುಂಟುತ್ತಾ ವಾಪಸು ಬಂತು. ಮೇಷ್ಟ್ರು ಇಳಿದು, “ಏನಯ್ಯಾ, ಹಿಂದಿನಿಂದ ಯಾರೋ ಜಗ್ಗಿ ಹಿಡಿದ ಹಾಗೆ ಆಗುತ್ತಿದೆ!” ಅಂದರು.

ನಾನು ವಾಲ್ವ್ ಒತ್ತಿದೆ. ಪಿಚಕಾರಿ ಹಾಗೆ ನೀರು ಚಿಮ್ಮಿ ಮೇಷ್ಟ್ರ ಇಸ್ತ್ರಿ ಅಂಗಿಗೆ ಬಿತ್ತು. ಅವರಿಗೆ ಸಿಟ್ಟು ಬಂತೋ ಆಶ್ಚರ್ಯವಾಯಿತೋ, ಬಾಯಿ ತೆರೆದವರು ಮುಚ್ಚಲೇ ಇಲ್ಲ. ನಾನು ಕೈ ಒರೆಸುವ ಗ್ರೀಸ್ ಬಟ್ಟೆಯಿಂದಲೇ ಅವರ ಅಂಗಿ ಒರೆಸಲು ಹೋದೆ. ಕಟ್ಟೆಯ ಮೇಲಿದ್ದ ರೈತ ಚಹಾ ಲೋಟ ಕೆಳಗಿಟ್ಟು ಸಮಾಧಾನ ಹೇಳಿದ:

“ಸಿಟ್ಟಾಗಬ್ಯಾಡ್ರಿ ಮೇಷ್ಟ್ರ. ಒಂದ್ ಗಾಲಿಗೆ ಹೆಂಗೂ ಹಾಕ್ಯಾನ, ಇನ್ನೊಂದಕ್ಕೂ ಹಾಕಿಸ್ಕೊಂಡು ಸೀದಾ ನಮ್ಮ ಹೊಲಕ್ಕ ಬರ್ರಿ. ನೇಗಲ ನಾ ಕೊಡ್ತೀನಿ.”

ಒದ್ದೆ ಪ್ಯಾಂಟು

ಆ ಮೇಷ್ಟ್ರ ಗಾಲಿ ಬಿಚ್ಚಿ, ತೊಡೆಯ ಮೇಲೆ ಆನಿಸಿಕೊಂಡು ಟಯರಿನ ಅಂಚು ಎಬ್ಬಿಸಿದೆನಲ್ಲ, ಒಳಗಿದ್ದ ನೀರೆಲ್ಲ ಸರಿಯಾಗಿ ನನ್ನ ಪ್ಯಾಂಟಿನ ಮುಂಭಾಗಕ್ಕೇ ಸುರಿಯಿತು. ಬೇರೆಲ್ಲೂ ಒಂದು ಹನಿ ಬೀಳಲಿಲ್ಲ.

ಬಟ್ಟೆ ಬದಲಿಸಲು ಮನೆಗೆ ಹೋಗಬೇಕೆಂದರೆ ಬಸ್ ಸ್ಟ್ಯಾಂಡ್ ದಾಟಿಯೇ ಹೋಗಬೇಕು. ದಿನಪತ್ರಿಕೆಯನ್ನು ಮುಂದೆ ಅಡ್ಡ ಹಿಡಿದು ಹೊರಟೆ. ಪರಿಚಯದವರೆಲ್ಲ ಅವತ್ತೇ ಎದುರಾಗಬೇಕೆ? “ಟಯರಿನಾಗ ನೀರಿತ್ತು” ಅಂತ ಒಬ್ಬೊಬ್ಬರಿಗೂ ನಿಂತು ವಿವರಿಸಿದೆ. ಟಯರಿನೊಳಗೆ ನೀರು ಇರುತ್ತದೆಂದು ಯಾರೂ ನಂಬಲಿಲ್ಲ. ಮಿರ್ಚಿ ಅಂಗಡಿಯವಳು ಮಾತ್ರ ಕೊನೆತನಕ ಕೇಳಿ, ದನಿ ತಗ್ಗಿಸಿ ಹೇಳಿದಳು:

“ನಾಚಿಕಿ ಬ್ಯಾಡಣ್ಣ. ನಮ್ಮ ಮನಿಯವರಿಗೂ ಹಿಂಗ ಆಗಿತ್ತು. ಒಮ್ಮಿ ಶುಗರ್ ಟೆಸ್ಟ್ ಮಾಡಿಸಿಬಿಡು.”

ಹೆಣ್ಣು ನೋಡಲು ಬಂದರು

ನನ್ನ ಮಗಳನ್ನು ನೋಡಲು ಹರಪನಹಳ್ಳಿಯಿಂದ ಗಂಡಿನವರು ಬರುವವರಿದ್ದರು. ಹುಡುಗ, ಅವನ ತಂದೆ, ತಾಯಿ. ರೈಲಿನಲ್ಲಿ ಬರುತ್ತೇವೆ ಅಂದಿದ್ದರು, ಸ್ಟೇಷನ್ನಿಂದ ಕರೆತರುವುದು ನನ್ನ ಕೆಲಸ. ಟಯರ್ ಅಂಗಡಿಯವನ ಕಾರಿನ ಟಯರು ಬೋಳಾಗಿದ್ದರೆ ಮರ್ಯಾದೆಯೇ? ಅಂಗಡಿಯ ಮಾಳಿಗೆ ಮೇಲೆ ಬಯಲಲ್ಲಿ ಬಿದ್ದಿದ್ದ ಚಲೋ ಟಯರೊಂದನ್ನು ಬೆಳಿಗ್ಗೆ ಇಳಿಸಿ ಅವಸರದಲ್ಲಿ ಹಾಕಿಕೊಂಡೆ. ಹಿಂದಿನ ದಿನವಷ್ಟೇ ಮಳೆ ಬಂದಿತ್ತು ಎಂಬುದು ನನ್ನ ತಲೆಗೆ ಬರಲಿಲ್ಲ.

ಸ್ಟೇಷನ್ನಿಂದ ನಮ್ಮ ಮನೆಗೆ ದಾರಿ ಸಣ್ಣದು, ಹಂಪು ಬಹಳ. ಹುಡುಗನ ತಂದೆ ಮುಂದೆ ನನ್ನ ಪಕ್ಕ ಕೂತರು, ತಾಯಿ ಮಗ ಹಿಂದೆ. ಮೊದಲನೇ ಹಂಪಿನಲ್ಲಿ ನಿಧಾನ ಮಾಡಿದೆ.

ಗುಳುಗುಳು!

ಎರಡನೇ ಹಂಪಿನಲ್ಲಿ ಇನ್ನೂ ಜೋರಾಗಿ ಬಂತು. ಕನ್ನಡಿಯಲ್ಲಿ ನೋಡಿದೆ. ತಾಯಿ ಮಗನ ಕಡೆ ಕಣ್ಣು ಬಿಡುತ್ತಿದ್ದರು, ಹುಡುಗ ಹೊಟ್ಟೆ ಒತ್ತಿ ಹಿಡಿದಿದ್ದ. ಇಷ್ಟು ವರ್ಷ ಟಯರುಗಳ ಮಧ್ಯೆಯೇ ಬದುಕಿದ ನಾನು ಕೂಡ, ‘ಪಾಪ, ಹುಡುಗನ ಹೊಟ್ಟೆ’ ಅಂದುಕೊಂಡೆ. ಅವನಿಗೆ ಅವಮಾನ ಆಗದಿರಲೆಂದು ಹಂಪು ಬಂದಾಗಲೆಲ್ಲ ಜೋರಾಗಿ ಕೆಮ್ಮಿದೆ.

ತಾಯಿ ಮೆಲ್ಲಗೆ ಪರ್ಸಿನಿಂದ ಅಜವಾನ ತೆಗೆದು, “ಬಾಯಾಗ ಹಾಕ್ಕೊ” ಅಂದರು.

“ಅವ್ವಾ, ನಂದಲ್ಲ!”

“ಸುಮ್ನಿರು, ಹಾಕ್ಕೊ.”

ಮನೆ ಮುಟ್ಟಿ ಉಪ್ಪಿಟ್ಟು, ಚಹಾ ಆಯಿತು. ಹುಡುಗ ಒಳ್ಳೆಯವನು, ಕೇಳಿದ್ದಕ್ಕೆ ಚೊಕ್ಕವಾಗಿ ಉತ್ತರ ಕೊಟ್ಟ. ಮಗಳಿಗೂ ಹಿಡಿಸಿದ ಹಾಗಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಅಡುಗೆ ಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಕಾರಿನ ಸಂಗತಿ ಊದಿದೆ. ಅವಳು ಸೌಟು ಕೆಳಗಿಟ್ಟಳು.

“ಹೊಟ್ಟಿ ರೋಗ ಇದ್ದೋರ ಮನಿಗೆ ನನ್ನ ಮಗಳನ್ನ ಕೊಡಂಗಿಲ್ಲ. ಆಮ್ಯಾಕ ಹೇಳಿ ಕಳಿಸ್ತೀವಿ ಅಂತ ಹೇಳಿ ಸಾಗಹಾಕ್ರಿ.”

ಭಾರವಾದ ಮನಸ್ಸಿನಿಂದ ಅವರನ್ನು ಸ್ಟೇಷನ್ನಿಗೆ ಬಿಡಲು ಹೊರಟೆ. ತಂದೆ ತಾಯಿ ಕಾರಿನಲ್ಲಿ ಕೂತರು. ಹೆಂಡತಿ, ಮಗಳು ಬಾಗಿಲಲ್ಲಿ ನಿಂತಿದ್ದರು. ಹುಡುಗ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ಅಷ್ಟರಲ್ಲಿ ತಿರುಗಿಸಿಕೊಳ್ಳೋಣವೆಂದು ಕಾರು ಹಿಂದಕ್ಕೆ ಬಿಟ್ಟೆ.

ಗುಳುಗುಳುಗುಳು!

ಎಲ್ಲರೂ ಕಾರಿನ ಕಡೆ ನೋಡಿದರು. ಆಮೇಲೆ ದೂರದಲ್ಲಿ ಕೂತ ಹುಡುಗನ ಕಡೆ ನೋಡಿದರು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಂದು ನಿಂತವು. ನನ್ನ ತಲೆಯಲ್ಲಿ ಆಗ ಮಾಳಿಗೆ, ಮಳೆ, ಟಯರು ಒಂದೊಂದಾಗಿ ಹೊಳೆದವು.

“ಟಯರಿನಾಗ… ನೀರು ಐತ್ರಿ” ಅಂದೆ.

ಹುಡುಗನ ತಾಯಿ ಎದೆ ಮೇಲೆ ಕೈಯಿಟ್ಟು, ಕೇರಿಗೆಲ್ಲ ಕೇಳುವಂತೆ ನಿಟ್ಟುಸಿರು ಬಿಟ್ಟರು: “ಅಯ್ಯೋ ಶಿವನ! ಟಯರೇನ್ರಿ ಅದು? ನಮ್ಮ ಹುಡುಗನ ಗ್ಯಾಸ್ ಟ್ರಬಲ್ ನಿಮಗ ಗೊತ್ತಾಗಿಬಿಡ್ತು ಅಂತ ಆಗಲಿಂದ ಜೀವ ಹಿಡಕೊಂಡು ಕುಂತಿದ್ದೆ!”

ಹುಡುಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ತಂದೆ ಆಕಾಶ ನೋಡಿದರು. ನನ್ನ ಹೆಂಡತಿ ನನ್ನನ್ನು ನೋಡಿದಳು. ಬೆಳಗಿನಿಂದ ತಲೆ ಎತ್ತದೆ ನಿಂತಿದ್ದ ಮಗಳು ಫಕ್ಕನೆ ನಕ್ಕಳು.

“ಅಪ್ಪಾ, ನಮ್ಮ ಗಾಲಿಯಾಗ ನೀರು, ಅವರ ಹೊಟ್ಟ್ಯಾಗ ಗಾಳಿ. ಸಂಬಂಧ ಸರಿಹೋಗತೈತಿ, ಹೂಂ ಅಂದುಬಿಡು.”